ಹೆಗಲ ಮೇಲೆ ಕೈ ಇಡಬೇಡಿ ಅನ್ನಲು ಸಂಕೋಚ

ಪ್ರಶ್ನೆ: ನನಗೆ 24 ವರ್ಷ. ಶಿರಸಿ ಹತ್ತಿರದ ಹಳ್ಳಿಯವಳು, ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಕೆಲಸ. ನಮ್ಮ ಟೀಮಿನಲ್ಲಿ ಹುಡುಗ, ಹುಡುಗಿ ಅಂತಿಲ್ಲದೆ ಎಲ್ಲರೂ ಸಿಕ್ಕಾಗ ಹಗ್ ಮಾಡುತ್ತಾರೆ. ನನಗೆ ಮೈ ಬಿಗಿಯಾಗುತ್ತದೆ. ಟೀಮ್ ಲೀಡ್ ನನ್ನ ಸ್ಕ್ರೀನ್ ನೋಡಲು ಬಂದಾಗಲೆಲ್ಲ ಹೆಗಲ ಮೇಲೆ ಕೈ ಇಡುತ್ತಾರೆ. ಕುರ್ಚಿ ಸರಿಸಿದರೂ ಅವರಿಗೆ ಗೊತ್ತಾಗುವುದಿಲ್ಲ. ಗೆಳತಿಯರು “ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ, ಹಳ್ಳಿ ಬುದ್ಧಿ ಬಿಡು” ಅನ್ನುತ್ತಾರೆ. ನಾನೇ ಬದಲಾಗಬೇಕಾ?

ಉತ್ತರ: ಬೇಡ. ನಿಮಗೆ ಇಷ್ಟವಿಲ್ಲ, ಅಷ್ಟು ಕಾರಣ ಸಾಕು. ಇದಕ್ಕೂ ಹಳ್ಳಿಗೂ ಸಂಬಂಧವಿಲ್ಲ. ನಮ್ಮ ಊರುಗಳಲ್ಲೇನು ಮುಟ್ಟುವುದಿಲ್ಲವೇ? ಅಜ್ಜಿ ಕೆನ್ನೆ ಸವರಿ ನೆಟಿಕೆ ಮುರಿಯುತ್ತಾಳೆ. ಗೆಳೆಯರು ಹೆಗಲಿಗೆ ಕೈ ಹಾಕಿಕೊಂಡೇ ಜಾತ್ರೆ ಸುತ್ತುತ್ತಾರೆ. ಯಾರು, ಯಾವಾಗ, ಎಷ್ಟು ಸಲಿಗೆಯಿಂದ ಮುಟ್ಟಬಹುದು ಅನ್ನುವ ಲೆಕ್ಕ ಮಾತ್ರ ಬೇರೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರಲ್ಲೂ ಹಗ್ ಇಷ್ಟವಿಲ್ಲದವರು ಬೇಕಾದಷ್ಟು ಜನ ಇದ್ದಾರೆ.

ನಿಮ್ಮ ಟೀಮಿನವರು ಪ್ರೀತಿಯಿಂದಲೇ ಮಾಡುತ್ತಿರಬಹುದು. ಅವರು ತೋಳು ಚಾಚಿದ ಹೊತ್ತಿಗೆ ಹಿಂದೆ ಸರಿದರೆ ಇಬ್ಬರಿಗೂ ಮುಜುಗರ. ಅದಕ್ಕೇ ಕಾಫಿಗೆ ಹೋದಾಗ, ಆರಾಮಾಗಿ, “ನಂಗೆ ಹಗ್ ಅಷ್ಟಾಗಿ ಒಗ್ಗಲ್ಲ ಕಣ್ರೋ, ಕೈ ಕೊಡ್ತೀನಿ” ಅಂದುಬಿಡಿ. ಮುಂದಿನ ಸಲ ನೀವೇ ಮೊದಲು ಕೈ ಚಾಚಿ. ಒಂದೆರಡು ದಿನ ಯಾರಾದರೂ ರೇಗಿಸಬಹುದು. ಆಮೇಲೆ ರೂಢಿಯಾಗುತ್ತದೆ.

ಟೀಮ್ ಲೀಡ್ ವಿಷಯ ಹಾಗಲ್ಲ. ಅದನ್ನು ಸುಮ್ನೆ ಬಿಡಬೇಡಿ. ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಆದರೆ ನಿಮ್ಮ ಕೆಲಸಕ್ಕೆ ರೇಟಿಂಗ್ ಕೊಡುವವರು ಅವರು. ಆ ಭಯಕ್ಕೇ ನೀವು ಬಾಯಿ ಬಿಡದೆ ಕುರ್ಚಿ ಸರಿಸುತ್ತಿದ್ದೀರಿ, ಅಲ್ವಾ? ಕುರ್ಚಿ ಸರಿಸಿದ್ದು ಅರ್ಥವಾಗದವರಿಗೆ ಮಾತಿನಲ್ಲೇ ಹೇಳಬೇಕು. “ಸರ್, ದಯವಿಟ್ಟು ಹೆಗಲ ಮೇಲೆ ಕೈ ಇಡಬೇಡಿ, ನನಗೆ ಸರಿ ಅನಿಸಲ್ಲ.” ಇಷ್ಟೇ ಸಾಕು. ನಗುತ್ತಾ ಹೇಳಬೇಡಿ, ಸಾರಿ ಸೇರಿಸಬೇಡಿ. ಎದುರಿಗೆ ಹೇಳಲು ಧೈರ್ಯ ಸಾಲದಿದ್ದರೆ ಮೆಸೇಜ್ ಮಾಡಿ. ಹೇಳಿದ್ದಕ್ಕೆ ದಾಖಲೆಯೂ ಆಗುತ್ತದೆ. ಸರಿಯಾದ ಮನುಷ್ಯನಾದರೆ ಅಲ್ಲಿಗೇ ನಿಲ್ಲಿಸುತ್ತಾರೆ.

ಹೇಳಿದ ಮೇಲೂ ಕೈ ಇಟ್ಟರೆ ದಿನಾಂಕ, ಜಾಗ, ಯಾರಿದ್ದರು ಎಲ್ಲ ಬರೆದಿಡಿ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳ ತಡೆಯಲು 2013ರ ಕಾನೂನು ಇದೆ. ಬೇಡ ಅಂದರೂ ಮೈ ಮುಟ್ಟುವ ನಡವಳಿಕೆಯನ್ನು ಅದರಡಿ ಪ್ರಶ್ನಿಸಬಹುದು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಮಹಿಳೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೂ ಒಬ್ಬರು. ಕೊನೆಯ ಘಟನೆ ನಡೆದು ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಈ ವಾರವೇ ನೋಡಿಟ್ಟುಕೊಳ್ಳಿ. ದೂರು ಕೊಡುವುದು ಬಿಡುವುದು ಆಮೇಲೆ ನಿಮ್ಮ ನಿರ್ಧಾರ.