ಹಗಲು ನಿದ್ದೆಗೆ ಮಾತ್ರೆ ಬೇಡ (ಪ್ರತಿಕ್ರಿಯೆ)

ಇಂಟರ್ನ್‌ಶಿಪ್, ಓಬಿಜಿಯಲ್ಲಿ (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ವಾರವಿಡೀ ನೈಟ್ ಡ್ಯೂಟಿ, ಹಗಲು ನಿದ್ದೆ ಹತ್ತುತ್ತಿಲ್ಲ, ಆಲ್‌ಪ್ರಜೋಲಾಮ್ (ಆತಂಕ ತಗ್ಗಿಸಿ ನಿದ್ದೆ ಬರಿಸೋ ಮಾತ್ರೆ) ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ನೀವೇ ಬರೆದುಕೊಂಡು ನುಂಗೋ ಮಾತ್ರೆ ಅಲ್ಲ ಅದು. ಅಭ್ಯಾಸವಾಗೋದು ಬೇಗ, ಬಿಡೋದು ಕಷ್ಟ.

ಮೊದಲು ಕಾಫಿ ನೋಡಿ. ಕೆಫೀನ್ ಅರ್ಧಕ್ಕಿಳಿಯೋಕೆ ಸುಮಾರು 5 ಗಂಟೆ ಬೇಕು. ಬೆಳಗಿನ ಜಾವ 4ಕ್ಕೆ ಸ್ಟ್ರಾಂಗ್ ಕಾಫಿ ಕುಡಿದು 9ಕ್ಕೆ ಮಲಗಿದರೆ ಅರ್ಧ ಇನ್ನೂ ರಕ್ತದಲ್ಲೇ ಇರುತ್ತೆ. ಡ್ಯೂಟಿ ಶುರುವಿಗೆ ಒಂದು, 12ರ ಸುಮಾರಿಗೆ ಇನ್ನೊಂದು, ಅಷ್ಟೇ.

ಸಂಜೆ ಹೊರಡೋ ಮುಂಚೆ ಒಂದೂವರೆ ಗಂಟೆ ಮಲಗಿ. ರಾತ್ರಿ ಲೇಬರ್ ರೂಮ್ ತಣ್ಣಗಿದ್ದಾಗ (ಅಪರೂಪ, ಗೊತ್ತು) ಕೋ-ಇಂಟರ್ನ್‌ಗೆ ಹೇಳಿ ಅಲಾರಂ ಇಟ್ಟು 20 ನಿಮಿಷ. ಜಾಸ್ತಿಯಾದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಮಂಕಾಗಿರುತ್ತೆ. ಎದ್ದ ಮೊದಲ 15 ನಿಮಿಷ ಮ್ಯಾಗ್‌ಸಲ್ಫ್ (ಗರ್ಭಿಣಿಯರಿಗೆ ಫಿಟ್ಸ್ ತಡೆಯೋಕೆ ಕೊಡೋ ಮೆಗ್ನೀಷಿಯಂ ಸಲ್ಫೇಟ್) ಡೋಸ್ ಥರದ ಲೆಕ್ಕ ಒಬ್ಬರೇ ಹಾಕಬೇಡಿ, ಸಿಸ್ಟರ್‌ಗೂ ತೋರಿಸಿ. 3ರಿಂದ 5ರ ನಡುವೆ ದೇಹದ ಉಷ್ಣತೆ ತಳ ಮುಟ್ಟುತ್ತೆ, ಎಚ್ಚರವೂ ಅದರ ಜೊತೆಗೇ ಇಳಿಯುತ್ತೆ. ಆ ಹೊತ್ತಲ್ಲಂತೂ ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕೋಕೆ ಹೋಗಲೇಬೇಡಿ, ಕೈಗೆ ಚುಚ್ಚಿಕೊಂಡೀತು.

ಮನೆಗೆ ಸ್ಕೂಟರ್ ಬೇಡ. ಬಸ್ಸೋ ಆಟೋನೋ ಹಿಡಿದು ಕೂಲಿಂಗ್ ಗ್ಲಾಸ್ ಹಾಕಿಕೊಳ್ಳಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೆದುಳಿಗೆ ಹಗಲಾಯ್ತು. ಕೊನೆಯ ನೈಟ್ ಮುಗಿದ ದಿನ ಮಾತ್ರ 2–3 ಗಂಟೆ ಮಲಗಿ ಎದ್ದುಬಿಡಿ, ರಾತ್ರಿ ಬೇಗ ಮಲಗಿ.

ಪೋಸ್ಟಿಂಗ್ ಮುಗಿದು ಎರಡು ವಾರವಾದರೂ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಅದು ಬರೀ ಡ್ಯೂಟಿಯ ಸುಸ್ತಲ್ಲ. ಸೈಕಿಯಾಟ್ರಿ ಓಪಿಡಿಗೆ ಹೋಗಿ. ಸ್ವಂತ ಕಾಲೇಜಲ್ಲಿ ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿ, 14416. ಉಚಿತ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಸಾಯೋ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆಗಲೇ ಫೋನ್ ಮಾಡಿ.