30 ಮೀಟರ್ ಎಂದು ಬರೆದ ವಾಚು ಕಟ್ಟಿಕೊಂಡು ಈಜಬಹುದೇ?

ನೀವು ಕೇಳಿದ್ದು ಎರಡು ವಿಷಯ. ವಾಚಿನ ಹಿಂದೆ 'ವಾಟರ್ ರೆಸಿಸ್ಟೆಂಟ್ 30 ಮೀ' ಎಂದಿದೆ, ಏತಡ್ಕದ ಅಜ್ಜನಮನೆಗೆ ಹೋದಾಗ ಕಟ್ಟದ (ತೋಡಿಗೆ ಅಡ್ಡ ಹಾಕಿದ ಒಡ್ಡಿನ) ನೀರಲ್ಲಿ ಈಜುವಾಗ ಅದು ಕೈಯಲ್ಲಿ ಇರಬಹುದೇ? ಡಿಸೆಂಬರಿನಲ್ಲಿ ಮುರುಡೇಶ್ವರ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗುವಾಗಲೂ ಅದೇ ಸಾಕೇ? ಎರಡಕ್ಕೂ ಬೇಡ ಎಂದೇ ಹೇಳುತ್ತೇನೆ. ಬದಿಯಡ್ಕದ ಕಡೆ ವಾಚ್ ರಿಪೇರಿ ಮಾಡುವವನು ನಾನು. ನೀರು ಕುಡಿದ ವಾಚುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ, ಮಳೆಗಾಲದಲ್ಲಂತೂ ಜಾಸ್ತಿ.

ಆ 30 ಮೀಟರ್ ಎಂಬುದು ನೀವು ಮುಳುಗಬಹುದಾದ ಆಳ ಅಲ್ಲ. ಅದು ಒತ್ತಡದ ಲೆಕ್ಕ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಸುಮಾರು ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಅದಕ್ಕೇ ಕೆಲವು ವಾಚುಗಳಲ್ಲಿ 3 ಎಟಿಎಂ, 3 ಬಾರ್ ಎಂದು ಇರುತ್ತದೆ, ಅರ್ಥ ಒಂದೇ. ಆ ಪರೀಕ್ಷೆ ನಡೆಯುವುದು ಹೊಸ ವಾಚಿನ ಮೇಲೆ, ಅಲುಗಾಡದ ನೀರಿನಲ್ಲಿ, ಕೆಲವೇ ನಿಮಿಷ. ಬಳಕೆಯಲ್ಲಿ 30 ಎಂದರೆ ಕೈ ತೊಳೆಯಲು, ಜಿಟಿಜಿಟಿ ಮಳೆಗೆ ಸಾಕು. ಈಜಲು 50 ಆದರೂ ಬೇಕು, ನೀರಿಗೆ ಹಾರುವ ಅಭ್ಯಾಸ ಇದ್ದರೆ 100 ಇರಲಿ.

ಇಲ್ಲಿ ಎಲ್ಲರೂ ಹೇಳುವ ಒಂದು ಕಾರಣ ಇದೆ: ಈಜುವಾಗ ಕೈ ಬೀಸುವ ರಭಸಕ್ಕೆ ಒತ್ತಡ ಹತ್ತಾರು ಮೀಟರ್ ಆಳದಷ್ಟು ಏರುತ್ತದೆ ಎಂದು. ನನಗೆ ಅದು ಒಪ್ಪಿಗೆ ಇಲ್ಲ. ಲೆಕ್ಕ ಹಾಕಿ ನೋಡಿ. ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋದರೂ ಸೇರುವ ಒತ್ತಡ ಅರ್ಧ ಮೀಟರ್ ನೀರಿನಷ್ಟು ಮಾತ್ರ. 5 ಮೀಟರ್ ಎತ್ತರದ ಬಂಡೆಯಿಂದ ಹಾರಿದರೆ ಸುಮಾರು 5 ಮೀಟರ್ ನೀರಿನಷ್ಟು. ಕೈ ಚಪ್ಪಟೆಯಾಗಿ ನೀರಿಗೆ ಬಡಿದರೆ ಆ ಕ್ಷಣದ ಪೆಟ್ಟು ಇನ್ನೂ ದೊಡ್ಡದು ನಿಜ, ಅದಕ್ಕೇ ಹಾರುವವರಿಗೆ 100 ಎಂದೆ. ಸುಮ್ನೆ ಈಜಿದ್ದಕ್ಕೆ 30 ಮೀಟರಿನ ವಾಚು ಸೋಲುವುದಾದರೆ ಕಾರಣ ಬೇರೆಯೇ ಇರಬೇಕು, ಅಲ್ವಾ?

ಕಾರಣ ಒಳಗಿನ ರಬ್ಬರ್. ಹಿಂದಿನ ಮುಚ್ಚಳದ ಸುತ್ತ, ಗಾಜಿನ ಅಂಚಿಗೆ, ಬದಿಯ ಕೀ ಒಳಗೆ ಸಣ್ಣ ಬಳೆಗಳಂಥ ಗ್ಯಾಸ್ಕೆಟ್‌ಗಳಿರುತ್ತವೆ. ನೀರನ್ನು ತಡೆಯುವುದು ಅವೇ. ಬೆವರು, ಸೋಪು, ಬಿಸಿಲು ಸೇರಿ ಕೆಲವು ವರ್ಷಗಳಲ್ಲಿ ಅವು ಕುಕ್ಕರಿನ ಗ್ಯಾಸ್ಕೆಟ್ ಹಾಗೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಿಂದಿನ ಬರಹ ಮಾತ್ರ ಹಾಗೇ ಹೊಳೆಯುತ್ತಿರುತ್ತದೆ!

ಇನ್ನು ಬ್ಯಾಟರಿ ಬದಲಾವಣೆ. ನನ್ನ ಬಳಿ ಬರುವ ನೀರು ಹೊಕ್ಕ ವಾಚುಗಳಲ್ಲಿ ಹೆಚ್ಚಿನವು ಒಮ್ಮೆ ಎಲ್ಲೋ ಅವಸರದಲ್ಲಿ ಮುಚ್ಚಳ ತೆರೆಸಿಕೊಂಡವು. ಬಸ್ ಹೊರಡುವ ಮೊದಲು ಐದು ನಿಮಿಷದಲ್ಲಿ ಸೆಲ್ ಹಾಕಿ ಕೊಡಿ ಎಂದರೆ ಯಾರೂ ಗ್ಯಾಸ್ಕೆಟ್ ತೆಗೆದು, ಒರೆಸಿ, ಸಿಲಿಕಾನ್ ಗ್ರೀಸ್ ಹಚ್ಚಿ ಕೂರಿಸುವುದಿಲ್ಲ. ಅದು ಒಂದು ಕಡೆ ಮಡಚಿಕೊಂಡೇ ಮುಚ್ಚಳ ಬಿಗಿಯಾಗುತ್ತದೆ. ಅಲ್ಲಿಗೆ 30 ಆಗಲಿ 100 ಆಗಲಿ, ಲೆಕ್ಕ ಸೊನ್ನೆ. ತೆರೆದ ಮೇಲೆ ಒತ್ತಡ ಪರೀಕ್ಷೆ ಮಾಡಿಸಬೇಕು. ಅದರ ಯಂತ್ರ ಸಣ್ಣ ಅಂಗಡಿಗಳಲ್ಲಿ ಇರುವುದು ಅಪರೂಪ. ಈಜುವ ವಾಚಾದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಕೊಡಿ. ನನ್ನ ವ್ಯಾಪಾರಕ್ಕೆ ನಷ್ಟ, ಆದರೂ ಹೇಳುತ್ತೇನೆ.

ಮೂರನೆಯದು ಬಿಸಿ. ಹಂಡೆಯ ಬಿಸಿನೀರಲ್ಲಿ ವಾಚು ಕಟ್ಟಿಕೊಂಡೇ ಮೀಯುವವರಿದ್ದಾರೆ. ಬಿಸಿಗೆ ಲೋಹ, ಗಾಜು, ರಬ್ಬರ್ ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಆಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ಎಳೆದುಕೊಳ್ಳುತ್ತದೆ. ಕಟ್ಟದ ನೀರಿಗಿಂತ ಬಚ್ಚಲುಮನೆಯೇ ವಾಚಿಗೆ ದೊಡ್ಡ ಶತ್ರು ಮಾರಾಯ್ರೆ.

ಈಗ ನೇತ್ರಾಣಿ. ಮೊದಲ ಸಲ ಹೋಗುವವರನ್ನು ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ. ಆಳ, ಸಮಯ ಎರಡನ್ನೂ ಬೋಧಕರ ಕೈಯ ಡೈವ್ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಾಗಾಗಿ ನಿಮಗೆ ವಾಚೇ ಬೇಕಿಲ್ಲ, ರೂಮಿನಲ್ಲಿ ಬಿಟ್ಟು ಹೋಗಿ. ಮುಂದೆ ಕಲಿಯುವ ಆಸೆ ಇದ್ದರೆ 'ಡೈವರ್ಸ್ 200 ಮೀ' ಎಂದು ಬರೆದದ್ದನ್ನೇ ಕೊಳ್ಳಿ. ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ನಿಯಮದಂತೆ ಅಂಥ ವಾಚು ಪ್ರತಿಯೊಂದನ್ನೂ ಬಿಡಿಬಿಡಿಯಾಗಿ, ಬರೆದ ಒತ್ತಡಕ್ಕಿಂತ ಕಾಲು ಭಾಗ ಹೆಚ್ಚಿನಲ್ಲಿ ಪರೀಕ್ಷಿಸಬೇಕು. 200 ಎಂದಿದ್ದರೆ 250 ಮೀಟರಿನ ಒತ್ತಡ ತಡೆದಿದೆ ಎಂದರ್ಥ. ಮಾಮೂಲಿ ವಾಚುಗಳ ನಿಯಮ ಐಎಸ್‌ಒ 22810. ಅದರಲ್ಲಿ ಕೆಲವನ್ನು ಮಾತ್ರ ಆರಿಸಿ ನೋಡಿದರೂ ನಡೆಯುತ್ತದೆ. ಡೈವರ್ ವಾಚಿನ ಗಾಜಿನ ಸುತ್ತಲಿನ ಬಳೆ ಒಂದೇ ದಿಕ್ಕಿಗೆ ತಿರುಗುವುದನ್ನು ಗಮನಿಸಿದ್ದೀರಾ? ನೀರೊಳಗೆ ಎಲ್ಲಾದರೂ ತಾಗಿ ತಿರುಗಿದರೂ ಕಳೆದ ಸಮಯ ಜಾಸ್ತಿ ಎಂದೇ ತೋರಿಸಬೇಕು, ಕಡಿಮೆ ಎಂದು ತೋರಿಸಿದರೆ ಮುಳುಗಿದವನ ಜೀವಕ್ಕೆ ಅಪಾಯ. ನನಗೆ ಬಲು ಇಷ್ಟವಾದ ಏರ್ಪಾಡು ಅದು.

ಸ್ಮಾರ್ಟ್‌ವಾಚಿನವರು ಐಪಿ68 (ಧೂಳು, ನೀರು ತಡೆಯುವ ಮಟ್ಟದ ಗುರುತು) ನೋಡಿ ಮೋಸ ಹೋಗಬೇಡಿ. ಅಲ್ಲೂ 5 ಎಟಿಎಂ ಎಂದಿದ್ದರೆ ಮಾತ್ರ ಈಜಿ. ಅಜ್ಜನ ಎಚ್‌ಎಂಟಿ ಜನತಾ ಕಟ್ಟುವವರು ಹೊಳೆಬದಿಗೂ ಒಯ್ಯಬೇಡಿ.

ಯಾವ ವಾಚೇ ಆಗಲಿ, ನೀರಿಗಿಳಿಯುವ ಮೊದಲು ಕೀ ಪೂರ್ತಿ ಒಳಗಿದೆಯೇ ನೋಡಿ, ತಿರುಪಿನದ್ದಾದರೆ ಬಿಗಿ ಮಾಡಿ. ನೀರೊಳಗೆ ಗುಂಡಿ ಒತ್ತಬೇಡಿ. ಬೇಕಲದಲ್ಲೋ ಕಾಸರಗೋಡು ಕಡಪ್ಪುರದಲ್ಲೋ ಸಮುದ್ರಕ್ಕೆ ಇಳಿದಿದ್ದರೆ ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆಯಿರಿ, ಉಪ್ಪು ಕೀ ಬುಡದಲ್ಲಿ ಕೂತರೆ ತುಕ್ಕು ಖಂಡಿತ. ಗಾಜಿನೊಳಗೆ ಮಂಜು ಕಂಡರೆ ಅಕ್ಕಿ ಡಬ್ಬದಲ್ಲಿ ಹೂತಿಟ್ಟು ವಾರ ಕಾಯಬೇಡಿ. ಅಕ್ಕಿ ಮುಚ್ಚಿದ ವಾಚಿನ ಒಳಗಿನ ನೀರನ್ನು ಎಳೆಯುವುದಿಲ್ಲ. ಅದೇ ದಿನ ತೆರೆಸಿ ಒಣಗಿಸಿ. ಉಪ್ಪುನೀರಾದರೆ ಮರುದಿನಕ್ಕೂ ಬಿಡಬೇಡಿ.