ಈಗ ದಡಾರ ಎಲ್ಲಿದೆ? 9 ತಿಂಗಳ ಮಗುವಿಗೆ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಇಂಜೆಕ್ಷನ್ ಹಾಕಿಸಲೇಬೇಕಾ?

ಹಾಕಿಸಿ. ತಾಯಿಯಿಂದ ಬಂದ ರಕ್ಷಣೆ 9 ತಿಂಗಳ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ.

"ಯಾರಿಗಾದರೂ ಅಮ್ಮ ಎದ್ದಿದ್ರೆ ಆ ಕಡೆ ಹೋಗದಿದ್ರಾಯ್ತು" ಅಂತ ನಿಮ್ಮ ಅತ್ತೆಯವರು ಹೇಳ್ತಾರೆ ಅಂದಿರಿ. ನಾನೂ ದಾವಣಗೆರೆಯವಳೇ, ಈ ಮಾತು ಕೇಳಿಕೊಂಡೇ ಬೆಳೆದವಳು. ಆದರೆ ದಡಾರದ ಮುಂದೆ ಈ ಲೆಕ್ಕ ನಡೆಯಲ್ಲ. ಮೈಮೇಲೆ ದದ್ದು ಕಾಣಿಸುವ ನಾಲ್ಕು ದಿನ ಮೊದಲೇ ಅದು ಹರಡಲು ಶುರುವಾಗುತ್ತದೆ. ಆಗ ಇರೋದು ಬರೀ ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು. ಅದನ್ನು ದಡಾರ ಅಂತ ಯಾರು ಅಂದುಕೊಳ್ತಾರೆ? ಕೆಮ್ಮಿದವರು ಎದ್ದು ಹೋದ ಮೇಲೂ 2 ಗಂಟೆವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಲಸಿಕೆ ಹಾಕಿಸದವರ ನಡುವೆ ಒಬ್ಬರಿಂದ 12ರಿಂದ 18 ಜನಕ್ಕೆ ಅಂಟುತ್ತದೆ. ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬರ್ತಾರೆ ಅಲ್ವಾ? ಕೂಸು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಹೋಗ್ತಾನೇ ಇರುತ್ತದೆ. ಯಾರನ್ನ ಅಂತ ತಡೀತೀರಿ?

ಇನ್ನು ದಡಾರ ಈಗ ಎಲ್ಲೂ ಇಲ್ಲ ಅನ್ನೋದು ಸುಳ್ಳು. 2022ರಲ್ಲಿ ಮುಂಬೈಯಲ್ಲಿ ಹಬ್ಬಿ ಮಕ್ಕಳು ತೀರಿಕೊಂಡರು. ನಮ್ಮ ಕಡೆ ಕಡಿಮೆ ಕಾಣಿಸ್ತಿರೋದೇ ಲಸಿಕೆಯಿಂದ. 2017ರಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಅಭಿಯಾನ ಮಾಡಿ ಹಾಕಿದ್ದರು. ಆಗಲೂ ವಾಟ್ಸಾಪ್‌ನಲ್ಲಿ ಗಾಳಿಸುದ್ದಿಗೇನು ಬರ ಇರಲಿಲ್ಲ ಬಿಡಿ.

"ಬಂದು ಹೋದ್ರೆ ಮೈ ಗಟ್ಟಿಯಾಗುತ್ತೆ" ಅನ್ನೋರೂ ಇದ್ದಾರೆ. ಆಗೋದು ಉಲ್ಟಾ. ಬೇರೆ ರೋಗಗಳ ವಿರುದ್ಧ ಮೈ ಕಲಿತಿದ್ದನ್ನೂ ದಡಾರ ಅಳಿಸಿಹಾಕುತ್ತದೆ. ಎಷ್ಟೋ ತಿಂಗಳು ಮಗುವಿಗೆ ಒಂದರ ಹಿಂದೆ ಒಂದು ಕಾಯಿಲೆ ಹಿಡಿಯಬಹುದು. ನ್ಯುಮೋನಿಯಾ ಆದರಂತೂ ಜೀವಕ್ಕೇ ಕುತ್ತು.

ಇಂಜೆಕ್ಷನ್‌ನಿಂದ ಜ್ವರ ಬರಲ್ವಾ? ಕೆಲವು ಮಕ್ಕಳಿಗೆ ಬರುತ್ತದೆ, ಅದೂ ಒಂದು ವಾರ ಕಳೆದ ಮೇಲೆ. ಸಣ್ಣ ದದ್ದೂ ಏಳಬಹುದು. ಒಂದೆರಡು ದಿನದಲ್ಲಿ ಇಳಿಯುತ್ತದೆ. ದಡಾರದ ಲಸಿಕೆಯಿಂದ ಆಟಿಸಂ (ಮಗುವಿನ ಮಾತು, ಬೆರೆಯುವಿಕೆಯಲ್ಲಿ ಕಾಣುವ ಬೆಳವಣಿಗೆಯ ತೊಂದರೆ) ಬರುತ್ತೆ ಅನ್ನೋ ಕಥೆ ಹುಟ್ಟಿದ್ದು 1998ರ ಒಂದು ಲೇಖನದಿಂದ. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಅತ್ತೆಯವರು ಬೇವಿನ ಸೊಪ್ಪು ಕಟ್ಟುವುದಾದರೆ ಕಟ್ಟಲಿ, ಅದಕ್ಕೆ ಜಗಳ ಬೇಡ. ನೀವು ತಾಯಿ ಕಾರ್ಡ್ ಹಿಡಿದು ಹತ್ತಿರದ ಅಂಗನವಾಡಿಗೋ ಆರೋಗ್ಯ ಕೇಂದ್ರಕ್ಕೋ ಹೋಗಿ. ದುಡ್ಡು ಕೊಡಬೇಕಿಲ್ಲ. ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಲಸಿಕೆ ಪುಡಿಗೆ ನೀರು ಬೆರೆಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು, ಅದಕ್ಕೇ ಸಿಸ್ಟರ್ ಬಾಟ್ಲಿ ಮೇಲೆ ಸಮಯ ಬರೆದಿರ್ತಾರೆ. ನೋಡಿ, ಕೇಳಿ, ತಪ್ಪೇನಿಲ್ಲ. ಅಲರ್ಜಿ ತೀರಾ ಅಪರೂಪ, ಆದರೂ ಅರ್ಧ ಗಂಟೆ ಅಲ್ಲೇ ಕೂತು ಬನ್ನಿ. 9 ತಿಂಗಳಿಗೆ ಹಾಕಿದ ಡೋಸ್ 100ರಲ್ಲಿ ಸುಮಾರು 85 ಮಕ್ಕಳಿಗೆ ಹಿಡಿಯುತ್ತದೆ. ಉಳಿದವರಿಗೂ ಹಿಡಿಯಲಿ ಅಂತಲೇ 16ರಿಂದ 24 ತಿಂಗಳೊಳಗೆ ಎರಡನೇ ಡೋಸ್ ಇದೆ. ಎಷ್ಟೋ ಜನ ಮರೆಯೋದು ಇದನ್ನೇ.